ಗುಂಡುಸೂಜಿಯ ಹೂಂ

ಟೈಲರ್ ಮಾಸ್ಟರ ಬಾಯಿಗೆ ಇದ್ದದ್ದು ಎರಡೇ ಕೆಲಸ. ಒಂದು ಊಟ ಮಾಡುವುದು, ಇನ್ನೊಂದು ಗುಂಡುಸೂಜಿ ಹಿಡಿದುಕೊಳ್ಳುವುದು. ಮಾತಾಡುವುದೂ ಬಾಯಿಯ ಕೆಲಸವೇ ಎಂದು ಯಾರಾದರೂ ತಿಳಿಸಿ ಹೇಳಿದ್ದರೆ ಅವರೇನೂ ಅಲ್ಲವೆನ್ನುತ್ತಿರಲಿಲ್ಲ, ಹೂಂ ಎನ್ನುತ್ತಿದ್ದರು. ಬೆಳಿಗ್ಗೆ ಒಂಬತ್ತಕ್ಕೆ ಅಂಗಡಿ ತೆರೆದು, ಡಬ್ಬಿಯಿಂದ ಹತ್ತು ಹನ್ನೆರಡು ಗುಂಡುಸೂಜಿ ತೆಗೆದು ತುಟಿಗಳ ನಡುವೆ ಸಾಲಾಗಿ ಸಿಕ್ಕಿಸಿಕೊಂಡರೆಂದರೆ ಮುಗಿಯಿತು. ಮಧ್ಯಾಹ್ನದ ಊಟದವರೆಗೆ ಲೋಕ ಕೇಳುವ ಎಲ್ಲ ಪ್ರಶ್ನೆಗಳಿಗೂ ಅವರದು ಅದೊಂದೇ ಉತ್ತರ.

ಇದರಿಂದ ಅವರಿಗೆ ಒಳ್ಳೆಯ ಹೆಸರೇ ಬಂದಿತ್ತು. ಅಳತೆ ಕೊಡಲು ಬಂದವರು ಕೈ ಅಗಲಿಸಿ ನಿಂತು ತಮ್ಮ ಮನೆಯ ಕಷ್ಟವನ್ನೆಲ್ಲ ಹೇಳಿಕೊಳ್ಳುತ್ತಿದ್ದರು. ಮಾಸ್ಟರು ನಡುನಡುವೆ ಹೂಂ, ಹೂಂ ಎನ್ನುತ್ತಿದ್ದರು. "ಮಾಸ್ಟರ ಹಾಗೆ ಇನ್ನೊಬ್ಬರ ಮಾತು ಕೇಳೋರು ಇಲ್ಲ ಬಿಡಿ" ಎಂದು ಬೀದಿಯೆಲ್ಲ ಹೊಗಳುತ್ತಿತ್ತು. ಸೂಜಿ ಬಾಯಿಗೆ ಹೋದ ಕೂಡಲೇ ಮಾಸ್ಟರ ಕಿವಿಯೂ ತಾನಾಗಿ ಮುಚ್ಚಿಕೊಳ್ಳುತ್ತದೆ ಎಂಬ ಸಂಗತಿ ಗೊತ್ತಿದ್ದದ್ದು ಮಾಸ್ಟರಿಗೆ ಮಾತ್ರ. ಅದನ್ನು ಅವರು ಯಾರಿಗೂ ಹೇಳಿರಲಿಲ್ಲ, ಯಾರೂ ಕೇಳಿರಲೂ ಇಲ್ಲ. ಕೇಳಿದ್ದರೂ ಸೂಜಿ ಇಲ್ಲದ ಹೊತ್ತಿನಲ್ಲಿ ಕೇಳಬೇಕಿತ್ತು.

ಆ ದಿನ ಮಾಸ್ಟರು ಬ್ಯಾಂಕ್ ಮ್ಯಾನೇಜರಿಗೆ ಕೋಟು ತೊಡಿಸಿ ನಿಲ್ಲಿಸಿ ಅದರ ಬೆನ್ನಿಗೆ ಸೂಜಿ ಚುಚ್ಚುತ್ತಿದ್ದಾಗ ಪಕ್ಕದ ಔಷಧಿ ಅಂಗಡಿಯವರು ಒಂದು ಲಕೋಟೆ ಹಿಡಿದುಕೊಂಡು ಒಳಗೆ ಬಂದರು. ಇವರು ಬೀದಿಯಲ್ಲಿ ಯಾರಿಗೆ ಕಾಗದ ಬಂದರೂ ಒಡೆದು ಓದಿ ಹೇಳುವವರು. ಮೂವತ್ತು ವರ್ಷ ಡಾಕ್ಟರುಗಳ ಬರಹ ಓದಿ ಓದಿ, ತಮಗೆ ಅರ್ಥವಾಗದ ಕಾಗದವೇ ಇಲ್ಲವೆಂಬ ಧೈರ್ಯ ಅವರಿಗೆ ಬಂದಿತ್ತು.

"ಮಾಸ್ಟ್ರೇ, ಕುಟುಂಬ ಭತ್ಯೆ ಇಲಾಖೆಯಿಂದ ಬಂದಿದೆ. ನಾನೇ ಸೈನ್ ಮಾಡಿ ತಗೊಂಡೆ. ನಿಮಗೆ ಮೂರನೇದು ಹೆಣ್ಣು ಮಗು ಇದೆಯಾ?"

"ಹೂಂ."

ಔಷಧಿಯವರು ಕನ್ನಡಕವನ್ನು ಹಣೆಗೇರಿಸಿದರು. ಹದಿನೆಂಟು ವರ್ಷದಿಂದ ಪಕ್ಕದ ಅಂಗಡಿ. ಮಾಸ್ಟರಿಗಿದ್ದದ್ದು ಹನ್ನೆರಡರ ಮಗಳು, ಒಂಬತ್ತರ ಮಗ, ಇಬ್ಬರೇ.

"ಬೇಬಿ ಅಂತ, ಆರು ವರ್ಷದವಳಾ?"

"ಹೂಂ."

"ನಿಮ್ಮ ಮನೆಯವರಿಗೆ ಗೊತ್ತಿಲ್ಲ ತಾನೇ?"

"ಹೂಂ."

"ಮಾಸ್ಟ್ರೇ, ನಾನು ಇಷ್ಟೊತ್ತೂ ಏನೂ ಕೇಳಲಿಲ್ಲ, ನೀವು ಏನೂ ಹೇಳಲಿಲ್ಲ" ಎಂದು ಔಷಧಿಯವರು ಲಕೋಟೆಯನ್ನು ಮೇಜಿನ ಮೇಲಿಟ್ಟು ತುದಿಗಾಲಲ್ಲಿ ಹೊರಗೆ ಹೋದರು. ಬ್ಯಾಂಕ್ ಮ್ಯಾನೇಜರು ಬೆನ್ನಲ್ಲಿ ಒಂಬತ್ತು ಗುಂಡುಸೂಜಿ ಇದ್ದ ಹಾಗೆಯೇ, "ನನಗೆ ಅರ್ಜೆಂಟ್ ಮೀಟಿಂಗ್ ಇದೆ" ಎಂದು ಹೊರಟುಹೋದರು. ಅವರಿಗೆ ಮೀಟಿಂಗ್ ಇದ್ದದ್ದು ತಮ್ಮ ಹೆಂಡತಿಯ ಜೊತೆಗೆ. ಆ ಹೆಂಗಸು ಇಸ್ತ್ರಿ ಅಂಗಡಿಯವಳಿಗೆ ಹೇಳಿದಳು, ಇಸ್ತ್ರಿಯವಳು ಹತ್ತು ಮನೆಗೆ ಬಟ್ಟೆ ಕೊಡುವಾಗ ಬಟ್ಟೆಯ ಜೊತೆಗೇ ಸುದ್ದಿಯನ್ನೂ ಮಡಿಸಿ ಕೊಟ್ಟಳು. ಮಾಸ್ಟರು ಮಧ್ಯಾಹ್ನ ಊಟಕ್ಕೆಂದು ಅಂಗಡಿಯ ಹಿಂದಿನ ಮನೆಗೆ ಹೋಗುವಷ್ಟರಲ್ಲಿ ಅವರಿಗೆ ಒಂದಲ್ಲ, ಎರಡು ಸಂಸಾರ ಇತ್ತು. ಎರಡನೆಯದು ರೈಲ್ವೆ ಗೇಟಿನ ಆಚೆ ಎಂದು ವಿಳಾಸವೂ ಸಿಕ್ಕಿತ್ತು.

ಹೆಂಡತಿ ತಟ್ಟೆಯನ್ನು ಸ್ವಲ್ಪ ಜೋರಾಗಿಯೇ ಇಟ್ಟಳು. ಅವಳ ಮಡಿಲಲ್ಲಿ ಯಾರದೋ ಕೋಟು, ಬೆರಳಿಗೆ ಸೂಜಿ ಚುಚ್ಚದಂತೆ ತೊಡುವ ಲೋಹದ ಅಂಗುಸ್ತಾನ. ಅಂಗಡಿಯ ಕಾಜಾ ಕೆಲಸವೆಲ್ಲ ಅವಳದೇ. ಗುಂಡಿ ತೂರುವ ಒಂದೊಂದು ರಂಧ್ರವನ್ನೂ ಕತ್ತರಿಸಿ, ಅದರ ಸುತ್ತ ಒತ್ತೊತ್ತಾಗಿ ದಾರ ಸುತ್ತಿ ಹೊಲಿಯಬೇಕು. ಹದಿನೆಂಟು ವರ್ಷ ಹೊಲಿದು ಅವಳ ಕಣ್ಣು ಮಂಜಾಗಿತ್ತು, ಬಲಗೈ ಹೆಬ್ಬೆರಳು ಪೂರ್ತಿ ಮಡಚುತ್ತಿರಲಿಲ್ಲ. ಕಾಜಾ ಯಂತ್ರಕ್ಕೆಂದು ಅವಳು ಮೂರು ವರ್ಷದಿಂದ ಕೂಡಿಟ್ಟ ದುಡ್ಡು ಈಗ ನಲವತ್ತು ಸಾವಿರ ಮುಟ್ಟಿತ್ತು. ಬರುವ ತಿಂಗಳು ಯಂತ್ರ ಮನೆಗೆ ಬರಬೇಕಿತ್ತು.

"ರೀ, ಯಾರ್ರೀ ಆ ಬೇಬಿ?"

"ಬೇಬಿನಾ?" ಎಂದರು ಮಾಸ್ಟರು, ತುತ್ತು ನುಂಗಿ. "ಅಂಗಡೀಲಿ ನಿಂತಿದಾಳಲ್ಲ. ಯಾಕೆ, ಬೀಳಿಸಿದ್ರಾ ಮಕ್ಕಳು?"

ಆಗ ಇಬ್ಬರೂ ಅಂಗಡಿಗೆ ಹೋಗಿ ಲಕೋಟೆಯ ಕಾಗದವನ್ನು ಬಿಚ್ಚಿ ಓದಿದರು. ತಮ್ಮ ಮೂರನೆಯ ಮಗು ಬೇಬಿ, ಹೆಣ್ಣು, ವಯಸ್ಸು ಆರು, ಕಳೆದ ನಾಲ್ಕು ವರ್ಷಗಳಿಂದ ಒಮ್ಮೆಯೂ ತೂಕ ಮತ್ತು ಎತ್ತರದ ತಪಾಸಣೆಗೆ ಹಾಜರಾಗಿರುವುದಿಲ್ಲ, ಶಾಲೆಗೂ ದಾಖಲಾಗಿರುವುದಿಲ್ಲ. ಆದಕಾರಣ ಸದರಿ ಮಗುವಿನ ಬಾಬ್ತು ಹೆಚ್ಚುವರಿಯಾಗಿ ಪಾವತಿಯಾದ ಮೂವತ್ತೆಂಟು ಸಾವಿರದ ನಾನೂರನ್ನು ಮೂವತ್ತು ದಿನಗಳೊಳಗೆ ಹಿಂದಿರುಗಿಸತಕ್ಕದ್ದು.

ಬೇಬಿ ಎಂದರೆ ಅಂಗಡಿಯ ಗಾಜಿನ ಹಿಂದೆ ಫ್ರಾಕ್ ತೊಟ್ಟು ನಿಂತಿದ್ದ ಬೊಂಬೆ. ಮೂರಡಿ ಎರಡಂಗುಲ ಎತ್ತರ, ಬಣ್ಣ ಬಳಿದ ಕೂದಲು, ಎಡಗೈ ಕಿರುಬೆರಳು ಮುರಿದಿತ್ತು. ಹೆಸರಿಟ್ಟದ್ದು ಮಕ್ಕಳು.

"ನಮ್ಮ ಬೇಬಿ ಇವರ ಪಟ್ಟಿಗೆ ಹೇಗೆ ಹೋದಳು?" ಎಂದಳು ಹೆಂಡತಿ.

ಮಾಸ್ಟರು ನೆನಪು ಮಾಡಿಕೊಂಡರು. ನಾಲ್ಕು ವರ್ಷದ ಹಿಂದೆ ಮನೆಗಣತಿಯ ಒಬ್ಬ ಹೆಂಗಸು ಅಂಗಡಿಯ ಬಾಗಿಲಲ್ಲಿ ನಿಂತಿದ್ದಳು. ಅವಳಿಗೆ ಅವತ್ತು ಸಂಜೆಯೊಳಗೆ ಅರವತ್ತು ಮನೆ ಮುಗಿಸಬೇಕಿತ್ತು. ಮಾಸ್ಟರಿಗೆ ಹಾಡುಗಾರ್ತಿಯೊಬ್ಬಳ ಉದ್ದನೆಯ ಗೌನಿನ ಅಂಚು ಮುಗಿಸಬೇಕಿತ್ತು, ಬಾಯಲ್ಲಿ ಹದಿನಾಲ್ಕು ಸೂಜಿ. ಒಳಗೆ ಇಬ್ಬರು ಮಕ್ಕಳು ಬೇಬಿಯ ಎರಡು ಕೈ ಹಿಡಿದು ಅವಳಿಗೆ ಫ್ರಾಕ್ ಬದಲಾಯಿಸುತ್ತಿದ್ದರು. ಬಾಗಿಲ ಹೊರಗಿನಿಂದ ಕಂಡದ್ದು ಮೂರು ಬೆನ್ನು. "ಮೂವರೂ ನಿಮ್ಮ ಮಕ್ಕಳೇನಾ?" ಎಂದಿರಬೇಕು. "ಚಿಕ್ಕೋಳ ಹೆಸರು ಬೇಬಿಯಾ? ಎರಡು ವರ್ಷ ಇರಬಹುದಾ?" ಎಂದಿರಬೇಕು. ಹೋಗುವಾಗ "ಎಷ್ಟು ಶಾಂತ ಸ್ವಭಾವದ ಮಗು!" ಎಂದದ್ದು ಮಾತ್ರ ಮಾಸ್ಟರಿಗೆ ಅರ್ಧಂಬರ್ಧ ನೆನಪಿತ್ತು. ಅದಕ್ಕೂ ಹೂಂ ಎಂದಿದ್ದರು.

"ತಿಂಗಳಾ ತಿಂಗಳಾ ಎರಡು ಸಾವಿರದ ನಾನೂರು ಬರ್ತಿತ್ತು" ಎಂದಳು ಹೆಂಡತಿ. "ತಲಾ ಸಾವಿರದ ಇನ್ನೂರು ಅಂದ್ಕೊಂಡಿದ್ದೆ. ತಲಾ ಎಂಟುನೂರಂತೆ."

ಅವಳ ಲೆಕ್ಕ ಸರಿಯಾಗಿಯೇ ಇತ್ತು. ತಲೆಗಳು ಮಾತ್ರ ಹೆಚ್ಚುಕಮ್ಮಿಯಾಗಿದ್ದವು.

"ನೀನು ಯೋಚನೆ ಮಾಡಬೇಡ" ಎಂದರು ಮಾಸ್ಟರು. "ಬೊಂಬೆನ ಎತ್ತಿಕೊಂಡು ಹೋಗಿ ಅವರ ಮೇಜಿನ ಮೇಲೆ ನಿಲ್ಲಿಸ್ತೀನಿ. ಕಣ್ಣಾರೆ ನೋಡಿದ ಮೇಲೆ ಏನಂತಾರೆ? ನಿನ್ನ ಯಂತ್ರದ ದುಡ್ಡಿಗೆ ಯಾರೂ ಕೈ ಹಾಕಲ್ಲ."

ಮರುದಿನ ಬೇಬಿಗೆ ನೀಲಿ ಫ್ರಾಕ್ ತೊಡಿಸಿ, ಸರ್ಕಾರಿ ಕಚೇರಿಗೆ ಹೋಗುವುದೆಂದು ಟೋಪಿಯನ್ನೂ ಇಟ್ಟು, ಮಾಸ್ಟರು ಬಸ್ಸು ಹತ್ತಿದರು. ಕಂಡಕ್ಟರು ಬಂದು ಬೇಬಿಯ ಪಕ್ಕದಲ್ಲಿ ಕೈಯಿಟ್ಟು ಎತ್ತರ ನೋಡಿದ.

"ಮೂರಡಿ ದಾಟಿದೆ. ಒಂದು ಪೂರ್ತಿ, ಒಂದು ಅರ್ಧ."

"ಅಪ್ಪಾ, ಇದು ಬೊಂಬೆ."

"ಬೊಂಬೆ ಹಾಗೆ ಇದೆ ಅಂತ ಎಲ್ಲರೂ ಅಂತಾರೆ ತಮ್ಮ ಮಕ್ಕಳನ್ನ. ಅರ್ಧ ಟಿಕೆಟ್ ಉಳಿಸೋಕೆ ಜನ ಏನೇನು ಹೇಳ್ತಾರೋ! ತೆಗೀರಿ ಚಿಲ್ಲರೆ."

ಹಿಂದಿನ ಸೀಟಿನ ಅಜ್ಜಿ, "ಪಾಪ, ಮಗೂನ ಕೂರಿಸ್ಕೊಳ್ಳಿ, ಎಷ್ಟೊತ್ತು ನಿಲ್ಲಿಸ್ತೀರಿ?" ಎಂದಳು. ಮಾಸ್ಟರು ಮರ್ಯಾದೆಗೆ ಅಂಜಿ ಅರ್ಧ ಟಿಕೆಟ್ ತೆಗೆದರು.

ಕುಟುಂಬ ಭತ್ಯೆ ಇಲಾಖೆಯ ಮೂರನೇ ಕಿಟಕಿಯ ಗುಮಾಸ್ತರು ಕಾಗದದಿಂದ ಕಣ್ಣು ತೆಗೆಯದೆ ಕೆಲಸ ಮಾಡುವುದಕ್ಕೆ ಹೆಸರಾದವರು. ಕಣ್ಣೆತ್ತಿದರೆ ಎದುರಿಗಿರುವವರು ಮಾತಾಡುತ್ತಾರೆ ಎಂಬುದು ಅವರ ಅನುಭವ.

"ಸಾರ್, ಈ ಮಗು ನನ್ನದಲ್ಲ."

"ಮತ್ತೆ ಯಾರದು?"

"ಯಾರದೂ ಅಲ್ಲ ಸಾರ್. ಇವಳು ಹುಟ್ಟೇ ಇಲ್ಲ."

"ಪಟ್ಟಿಯಿಂದ ಮಗುವಿನ ಹೆಸರು ತೆಗೆಯೋಕೆ ನಾಲ್ಕು ಕಾರಣ ಇವೆ. ಮರಣ, ದತ್ತು, ಮದುವೆ, ಹದಿನೆಂಟು ವರ್ಷ ತುಂಬಿರೋದು. ಹುಟ್ಟಿಲ್ಲ ಅನ್ನೋದು ಇದರಲ್ಲಿ ಇಲ್ಲ. ಯಾವುದು ಹಾಕಲಿ?"

"ಸಾರ್, ಒಂದು ಸಲ ಈ ಕಡೆ ನೋಡಿ. ಬೊಂಬೆ ಇದು."

"ಹೇಗೆ ಕರ್ಕೊಂಡು ಬಂದ್ರಿ?"

"ಬಸ್ಸಲ್ಲಿ."

"ಟಿಕೆಟ್?"

ಮಾಸ್ಟರು ಸತ್ಯವಂತರು. ಟಿಕೆಟು ಕೊಟ್ಟರು. ಗುಮಾಸ್ತರು ಅರ್ಧ ಟಿಕೆಟನ್ನು ತಿರುಗಿಸಿ ನೋಡಿ, ಗುಂಡುಸೂಜಿಯಿಂದ ಕಡತಕ್ಕೆ ಚುಚ್ಚಿದರು. "ಮಗು ಅಂತ ಇನ್ನೊಂದು ಇಲಾಖೆಯೇ ಒಪ್ಪಿದೆಯಲ್ರೀ. ಮೊದಲು ಏಳನೇ ಕೋಣೆಗೆ ಹೋಗಿ ತೂಕ ಮಾಡಿಸ್ಕೊಂಡು ಬನ್ನಿ. ತಪಾಸಣೆ ಬಾಕಿ ಇದ್ದರೆ ಯಾವ ಅರ್ಜಿಯನ್ನೂ ನಾನು ಮುಟ್ಟೋ ಹಾಗಿಲ್ಲ."

ಏಳನೇ ಕೋಣೆಯಲ್ಲಿ ಐವತ್ತು ಮಕ್ಕಳು ಒಟ್ಟಿಗೆ ಅಳುತ್ತಿದ್ದರು. ನರ್ಸಮ್ಮನಿಗೆ ಬೆಳಗಿನಿಂದ ಒಂದು ಲೋಟ ನೀರು ಕುಡಿಯಲೂ ಬಿಡುವಾಗಿರಲಿಲ್ಲ. ಅಳದೆ ತಕ್ಕಡಿ ಹತ್ತಿದ ಮೊದಲ ಮಗುವನ್ನು ಕಂಡು ಅವರಿಗೆ ಕಣ್ಣು ತುಂಬಿ ಬಂತು. "ಜಾಣೆ ನೀನು" ಎಂದು ಬೇಬಿಯ ಕೆನ್ನೆ ಸವರಿದವರು ಒಮ್ಮೆ ನಿಂತು ನೋಡಿದರು. ಬೊಂಬೆ ಎಂದು ಅವರಿಗೆ ಗೊತ್ತಾಯಿತು. ಆದರೆ ಸಾಲಿನಲ್ಲಿ ಇನ್ನೂ ಮೂವತ್ತು ಮಂದಿ ಇದ್ದರು, ಚೀಟಿಯಲ್ಲಿ ತೂಕ ಬರೆಯಲು ಜಾಗವಿತ್ತು, ಬೊಂಬೆ ಎಂದು ಬರೆಯಲು ಇರಲಿಲ್ಲ. ಮೂರೂವರೆ ಕಿಲೋ ಎಂದು ಬರೆದು, ಆ ತೂಕಕ್ಕೆ ನಿಯಮದಂತೆ ಹಾಕಬೇಕಾದ ತೀವ್ರ ಅಪೌಷ್ಟಿಕತೆ ಎಂಬ ಕೆಂಪು ಮುದ್ರೆಯನ್ನು ಒತ್ತಿದರು.

ಗುಮಾಸ್ತರು ಚೀಟಿ ನೋಡಿ ಮೊದಲ ಬಾರಿಗೆ ತಲೆಯೆತ್ತಿದರು. ಬೇಬಿಯನ್ನಲ್ಲ, ಮಾಸ್ಟರನ್ನು ನೋಡಲು. "ಹೆತ್ತ ಮಗುವಿಗೆ ಊಟ ಹಾಕಲ್ವೇನ್ರೀ?"

ಆದರೂ ಗುಮಾಸ್ತರು ಕೆಟ್ಟವರಲ್ಲ. ಮಾಸ್ಟರು ಅಲ್ಲೇ ನಿಂತು ಅವರ ಅಂಗಿಯ ಜೋತುಬಿದ್ದ ಗುಂಡಿಯನ್ನು ಎರಡು ಎಳೆ ಹಾಕಿ ಬಿಗಿ ಮಾಡಿಕೊಟ್ಟ ಮೇಲೆ ದಾರಿಯನ್ನೂ ಹೇಳಿಕೊಟ್ಟರು. ತಪ್ಪು ಇಲಾಖೆಯದು ಎಂದು ತೋರಿಸಿದರೆ ಹಣ ಮನ್ನಾ ಆಗುತ್ತದೆ. ಆದರೆ ಗಣತಿಯ ಹೆಂಗಸು 'ಕುಟುಂಬದ ಯಜಮಾನರನ್ನು ಖುದ್ದು ಕೇಳಲಾಗಿ, ಒಪ್ಪಿರುತ್ತಾರೆ' ಎಂದು ಬರೆದು ಸಹಿ ಮಾಡಿದ್ದಾಳೆ. ತಾವು ಒಪ್ಪಿಲ್ಲವೆಂದು ಮಾಸ್ಟರು ಪ್ರಮಾಣಪತ್ರ ಬರೆದುಕೊಟ್ಟು, ಹದಿನೈದನೇ ದಿನ ವಿಚಾರಣೆಗೆ ಬಂದು ಅದನ್ನೇ ಬಾಯಿಬಿಟ್ಟು ಹೇಳಬೇಕು, ಅಷ್ಟೆ.

ಮಾಸ್ಟರು ಬೇಬಿಯನ್ನು ಕಂಕುಳಲ್ಲಿ ಅಡ್ಡಹಿಡಿದು ಮನೆಗೆ ಬಂದಾಗ ಅತ್ತೆ ಚೀಲದ ಸಮೇತ ಹೊಸ್ತಿಲಲ್ಲಿ ಕೂತಿದ್ದರು. ಸುದ್ದಿ ಮುಟ್ಟಿದ ಕೂಡಲೇ ಹೊರಟು ಬಂದವರು ಒಳಗೆ ಕಾಲಿಟ್ಟಿರಲಿಲ್ಲ.

"ಅಳಿಯಂದ್ರೇ, ಮಗೂನ ಹೀಗಾ ಎತ್ಕೊಳ್ಳೋದು?" ಎಂದು ಎದ್ದವರು ಹತ್ತಿರ ಬಂದು ನೋಡಿ, ಬೇಬಿಯ ತಲೆ ಮೇಲೆ ಟಕಟಕ ಬಡಿದು, ಹಾಗೆಯೇ ಕುಸಿದು ಕೂತು ನಗತೊಡಗಿದರು. ನಕ್ಕು ಮುಗಿಸಿ, ಸುತ್ತ ಸೇರಿದ್ದ ಬೀದಿಯ ಹೆಂಗಸರ ಕಡೆ ತಿರುಗಿದರು. "ನನಗೆ ಮೊದಲೇ ಗೊತ್ತಿತ್ತು, ನಮ್ಮ ಅಳಿಯ ಅಂಥವರಲ್ಲ. ಮದುವೆಗೆ ಮುಂಚೆ ಒಂದು ದಿನ ಇವರ ಮಾವ ಕೋಟಿನ ಅಳತೆ ಕೊಡೋಕೆ ಬಂದಿದ್ದರು, ನಾನೂ ನನ್ನ ಮಗಳೂ ಜೊತೇಲಿದ್ವಿ. ಇವರು ತೋಳಿಗೆ ಸೂಜಿ ಚುಚ್ತಿದ್ದರು. ಇವಳೋ, ಬಾಯಿ ಮುಚ್ಕೊಂಡು ಕೂರೋದು ಬಿಟ್ಟು, 'ಬಲಗೈ ತೋಳು ಉದ್ದ ಆಯ್ತು' ಅಂತ ಕೆಲಸಗಾರನಿಗೇ ಪಾಠ ಹೇಳಿದಳು. ನಾನು ಹೊರಗೆ ಕರ್ಕೊಂಡು ಹೋಗಿ ಗದರಿದೆ. ಅಷ್ಟರಲ್ಲಿ ನಮ್ಮವರು ಇವರನ್ನ ಕೇಳೇಬಿಟ್ಟಿದ್ದರು, ನನ್ನ ಮಗಳನ್ನ ಮದುವೆ ಆಗ್ತೀಯೇನಪ್ಪಾ ಅಂತ. ಒಂದು ಕ್ಷಣ ಯೋಚನೆ ಮಾಡಲಿಲ್ಲ ರೀ. ಮನೆ ಎಂಥದು, ಏನು ಕೊಡ್ತೀರಿ, ಒಂದೂ ಕೇಳಲಿಲ್ಲ. ಹೂಂ ಅಂದುಬಿಟ್ಟರು!"

ಈ ಕಥೆಯನ್ನು ಅತ್ತೆ ಹದಿನೆಂಟು ವರ್ಷದಲ್ಲಿ ಕಡಿಮೆಯೆಂದರೂ ಇನ್ನೂರು ಸಲ ಹೇಳಿದ್ದರು. ಹೇಳುವಾಗಲೆಲ್ಲ ಮಾಸ್ಟರ ಹೆಂಡತಿ ಏನಾದರೂ ನೆಪ ಮಾಡಿಕೊಂಡು ಹತ್ತಿರದಲ್ಲೇ ಇರುತ್ತಿದ್ದಳು. ಅವತ್ತೂ ಬಾಗಿಲ ಸಂದಿಯಲ್ಲಿ ಇದ್ದಳು.

ಪ್ರಮಾಣಪತ್ರವನ್ನು ಬರೆದವರು ಔಷಧಿಯವರು. ರೈಲ್ವೆ ಗೇಟಿನ ಆಚೆಯ ಸಂಸಾರವನ್ನು ಕಟ್ಟಿದ್ದರ ಪಶ್ಚಾತ್ತಾಪವಿತ್ತು, ಹಾಗಾಗಿ ಒಂದು ಪೈಸೆ ತೆಗೆದುಕೊಳ್ಳದೆ ಬರೆದರು. ಮೂರು ಸಲ ಹರಿದು ನಾಲ್ಕನೆಯ ಸಲ ಅವರಿಗೆ ತೃಪ್ತಿಯಾಯಿತು. ಎಲ್ಲರನ್ನೂ ಕೂರಿಸಿಕೊಂಡು, ಗಂಟಲು ಸರಿಮಾಡಿಕೊಂಡು ಓದಿದರು:

"'ನಾನು ವೃತ್ತಿ ಆರಂಭಿಸಿದ ದಿನದಿಂದ ಇಂದಿನವರೆಗೆ, ಬಾಯಲ್ಲಿ ಗುಂಡುಸೂಜಿ ಇದ್ದಾಗ ಎದುರಿನವರು ಹೇಳಿದ ಯಾವ ಮಾತೂ ನನ್ನ ಕಿವಿಗೆ ಬಿದ್ದಿರುವುದಿಲ್ಲ. ಆ ಸಮಯದಲ್ಲಿ ನಾನು ಯಾರಿಗೇ ಆಗಲಿ, ಯಾವ ವಿಷಯಕ್ಕೇ ಆಗಲಿ ಅಂದಿರುವ ಹೂಂ ಎಂಬುದು ನನ್ನ ಒಪ್ಪಿಗೆಯಲ್ಲವೆಂದು ಪ್ರಮಾಣ ಮಾಡುತ್ತೇನೆ.' ಹೇಗಿದೆ? ಎಲ್ಲೂ ಸಂದಿ ಬಿಟ್ಟಿಲ್ಲ!"

"ಭೇಷ್" ಎಂದರು ಅತ್ತೆ. ಮಾಸ್ಟರು ಸಹಿ ಹಾಕಿದರು. ಹೆಂಡತಿ ಕೋಟಿನ ಮೂರನೆಯ ಕಾಜಾದಲ್ಲಿ ಸೂಜಿಯನ್ನು ಹಾಗೆಯೇ ಬಿಟ್ಟು ಎದ್ದು ಒಳಗೆ ಹೋದಳು.

ಅವಳು ಜಗಳ ಮಾಡಲಿಲ್ಲ. ಜಗಳ ಮಾಡಿದ್ದರೆ ಮಾಸ್ಟರಿಗೆ ಅರ್ಥವಾಗುತ್ತಿತ್ತು. ಹೊತ್ತುಹೊತ್ತಿಗೆ ಊಟ ಹಾಕಿದಳು, ಕಾಜಾ ಹೊಲಿದಳು, ಕೇಳಿದ್ದಕ್ಕೆಲ್ಲ ಹೂಂ ಎಂದಳು. ಆರನೆಯ ದಿನ ಮಾಸ್ಟರಿಗೆ ತಡೆಯಲಾಗಲಿಲ್ಲ.

"ಏನಾಯ್ತೇ ನಿನಗೆ?"

"ಏನಿಲ್ಲ. ನಮ್ಮಪ್ಪ ಕೇಳಿದಾಗ ನಿಮ್ಮ ಬಾಯಲ್ಲಿ ಎಷ್ಟು ಸೂಜಿ ಇತ್ತು ಅಂತ ಯೋಚನೆ ಮಾಡ್ತಿದೀನಿ."

ಅಳತೆಯ ವಿಷಯವನ್ನು ಮಾಸ್ಟರು ಎಂದೂ ಮರೆತವರಲ್ಲ. ಏಳು ಸೂಜಿ ಇದ್ದದ್ದು ಅವರಿಗೆ ಚೆನ್ನಾಗಿ ನೆನಪಿತ್ತು. ಮಾವನ ಬಲಭುಜ ಎಡಭುಜಕ್ಕಿಂತ ಅರ್ಧ ಅಂಗುಲ ತಗ್ಗಾಗಿದ್ದದ್ದು ನೆನಪಿತ್ತು. ಮಾವ ಏನು ಕೇಳಿದರೆಂಬುದು ಮಾತ್ರ, ಇದು ನಮ್ಮ ನಮ್ಮಲ್ಲೇ ಇರಲಿ, ನೆನಪಾಗುವಂತಿರಲಿಲ್ಲ. ಕೇಳಿಸಿದ್ದರೆ ತಾನೇ ನೆನಪಾಗುವುದು! ಮೂರು ದಿನ ಬಿಟ್ಟು ಅತ್ತೆ ಮಾವ ಬಟ್ಟೆಯ ಗಂಟು ತಂದು, "ಮದುವೆ ಬಟ್ಟೆ ನೀವೇ ಹೊಲೀಬೇಕು" ಎಂದಾಗ ಅವರು ಡಬ್ಬಿಯ ಮುಚ್ಚಳ ತೆಗೆಯುತ್ತ, "ಆಗಲಿ, ಗಂಡು ಯಾವಾಗ ಬಂದು ಅಳತೆ ಕೊಡ್ತಾನೆ?" ಎಂದು ಕೇಳಿದ್ದರು. ಆ ಮಾತಿಗೆ ಅತ್ತೆ ಮಾವ ಹೊಟ್ಟೆ ಹಿಡಿದುಕೊಂಡು ನಕ್ಕಿದ್ದರು. ಆ ನಗುವಿನ ನಡುವೆಯೇ ಗಂಡು ಯಾರೆಂಬುದು ಮಾಸ್ಟರಿಗೆ ತಿಳಿದದ್ದು.

ಇದನ್ನೆಲ್ಲ ಈಗ ಹೇಳುವುದು ಹೇಗೆ? ಹೇಳದೆ ಇರುವುದಾದರೂ ಹೇಗೆ? ಮಾಸ್ಟರು ಗಡಿಬಿಡಿಯಲ್ಲಿ ಒಂದು ಹಿಡಿ ಗುಂಡುಸೂಜಿ ಬಾಯಿಗೆ ಹಾಕಿಕೊಂಡು ಅಂಗಡಿಗೆ ಓಡಿದರು.

ವಿಚಾರಣೆಯ ದಿನ ಹೆಂಡತಿ ತಾನೂ ಬರುತ್ತೇನೆಂದಳು. ಹೊಲಿಯಲು ಇನ್ನೂ ಬಾಕಿಯಿದ್ದ ಕೋಟನ್ನು ಚೀಲದಲ್ಲಿಟ್ಟುಕೊಂಡಳು. ಔಷಧಿಯವರು ಅಂಗಡಿ ಮುಚ್ಚಿ ಬಂದರು. ಅತ್ತೆ ಬೇಬಿಯನ್ನು ಎತ್ತಿಕೊಂಡರು, ಬಸ್ಸಿನಲ್ಲಿ ತೊಡೆಯ ಮೇಲೆ ಅಡ್ಡ ಮಲಗಿಸಿಕೊಂಡು ಅರ್ಧ ಟಿಕೆಟನ್ನೂ ಉಳಿಸಿದರು.

ವಿಚಾರಣೆಯ ಅಧಿಕಾರಿ ನಡುವಯಸ್ಸಿನ ಹೆಂಗಸು. ಕಡತ ಓದಿದ್ದರು, ಅಷ್ಟೇ ಅಲ್ಲ, ಕಣ್ಣೆತ್ತಿ ಎದುರಿಗಿರುವುದನ್ನು ನೋಡುತ್ತಿದ್ದರು. ಆ ಕಟ್ಟಡದಲ್ಲಿ ಹಾಗೆ ಮಾಡುವವರು ಅವರೊಬ್ಬರೇ. ಬೇಬಿಯನ್ನು ನೋಡಿ, ಅಪೌಷ್ಟಿಕತೆಯ ಚೀಟಿ ನೋಡಿ, ನಗುವನ್ನು ಕೆಮ್ಮಾಗಿ ಬದಲಾಯಿಸಿಕೊಂಡರು.

"ಬೊಂಬೆ ಅನ್ನೋದರಲ್ಲಿ ಅನುಮಾನ ಇಲ್ಲ. ನೀವು ಒಪ್ಪಿದ್ರಾ ಇಲ್ವಾ ಅನ್ನೋದಷ್ಟೇ ಪ್ರಶ್ನೆ. ಒಪ್ಪಿಲ್ಲ ಅಂದರೆ ಹಣ ಮನ್ನಾ, ನೀವು ಮನೆಗೆ ಹೋಗಬಹುದು." ಪ್ರಮಾಣಪತ್ರವನ್ನು ಕೈಗೆತ್ತಿಕೊಂಡರು. "ಸೂಜಿ ಬಾಯಲ್ಲಿದ್ದಾಗ ನಿಮಗೆ ಏನೂ ಕೇಳಿಸಲ್ಲ. ಸರಿ ತಾನೇ?"

"ಸರಿ, ಮೇಡಂ."

"ಹಾಗೆ ಅಂದ ಹೂಂಗೆ ಅರ್ಥ ಇಲ್ಲ."

"ಇಲ್ಲ, ಮೇಡಂ."

"ಒಂದಕ್ಕೂ ಇಲ್ಲ?"

ಔಷಧಿಯವರು ಹಿಂದಿನಿಂದ "ಇಲ್ಲ ಅನ್ನಿ, ಇಲ್ಲ ಅನ್ನಿ" ಎಂದು ಪಿಸುಗುಟ್ಟಿದರು. ಮಾಸ್ಟರು ಬಾಯಿ ತೆರೆದವರು, ಒಮ್ಮೆ ಗೋಡೆ ಬದಿಯ ಬೆಂಚಿನ ಕಡೆ ನೋಡಿದರು. ಹೆಂಡತಿ ತಲೆ ತಗ್ಗಿಸಿ ಕಾಜಾ ಹೊಲಿಯುತ್ತಿದ್ದಳು. ಸೂಜಿ ಬಟ್ಟೆಯೊಳಗೆ ಅರ್ಧ ಹೋಗಿತ್ತು, ಇನ್ನರ್ಧ ಹೋಗುತ್ತಿರಲಿಲ್ಲ. ಆ ಮಡಚಲಾಗದ ಹೆಬ್ಬೆರಳು ಅಂಗುಸ್ತಾನದ ಪಕ್ಕದಲ್ಲಿ ನೆಟ್ಟಗೆ ನಿಂತಿತ್ತು. ಮಾಸ್ಟರಿಗೆ ಅವಳ ಮೇಲೆ ತುಂಬ ಪ್ರೀತಿ ಬಂತು. ಅದರ ಹಿಂದೆಯೇ ತುಂಬ ಹೆದರಿಕೆಯೂ ಆಯಿತು.

"ಒಂದಕ್ಕೆ ಇದೆ, ಮೇಡಂ" ಎಂದರು.

"ಯಾವುದಕ್ಕೆ?"

"ನಮ್ಮ ಮಾವ ಕೇಳಿದ್ದಕ್ಕೆ. ಮಗಳನ್ನ ಮದುವೆ ಆಗ್ತೀಯಾ ಅಂತ ಕೇಳಿದರು. ಅದು ಕೇಳಿಸಿತ್ತು."

"ಆಗ ಬಾಯಲ್ಲಿ ಸೂಜಿ ಇತ್ತಾ?"

"ಏಳಿತ್ತು, ಮೇಡಂ."

ಅಧಿಕಾರಿ ಪೆನ್ನಿನ ತುದಿಯಿಂದ ಹಣೆ ಕೆರೆದುಕೊಂಡರು. "ನೋಡಿ, ನೀವು ಇದನ್ನ ಹೇಳದೇ ಇದ್ದಿದ್ದರೆ ಚೆನ್ನಾಗಿತ್ತು. ಈಗ ಬರೆದುಕೊಂಡಾಗಿದೆ. ಏಳು ಸೂಜಿ ಇದ್ದಾಗ ಕೇಳಿಸುತ್ತೆ, ಗಣತಿ ದಿನದ ಹಾಗೆ ಹದಿನಾಲ್ಕಿದ್ದರೆ ಕೇಳಿಸಲ್ಲ ಅಂತ ನಾನು ಹೇಗೆ ತೀರ್ಪು ಕೊಡಲಿ? ಬೇಕಾದರೆ ಆ ಮಾತು ವಾಪಸ್ ತಗೊಳ್ಳಿ. ಈಗಲೂ ಕಾಲ ಮೀರಿಲ್ಲ."

"ತಗೊಳ್ಳಿ, ತಗೊಳ್ಳಿ!" ಎಂದರು ಔಷಧಿಯವರು. ಈಗ ಪಿಸುಗುಡುತ್ತಿರಲಿಲ್ಲ.

"ಇಲ್ಲ, ಮೇಡಂ" ಎಂದರು ಮಾಸ್ಟರು.

ಮೂವತ್ತೆಂಟು ಸಾವಿರದ ನಾನೂರನ್ನು ಅದೇ ವಾರ ಕಟ್ಟಿದರು. ಹೆಂಡತಿಯೇ ಎಣಿಸಿ ಕೊಟ್ಟಳು. ಯಂತ್ರದ ದುಡ್ಡಿನಲ್ಲಿ ಉಳಿದದ್ದು ಸಾವಿರದ ಆರುನೂರು. ಅದರಲ್ಲಿ ಅವಳು ಒಂದು ಕನ್ನಡಕ ಮಾಡಿಸಿಕೊಂಡಳು. ಬೀದಿಯಲ್ಲಿ ಮಾಸ್ಟರ ಹೆಸರು ಏರಿದ್ದು ಏರಿದ್ದೇ. ಹೆಂಡತಿಗಾಗಿ ಮೂವತ್ತೆಂಟು ಸಾವಿರ ಕಳೆದುಕೊಂಡ ಗಂಡ ಎಂದು ಇಸ್ತ್ರಿಯವಳು ಈಗ ಈ ಸುದ್ದಿಯನ್ನು ಮಡಿಸಿ ಕೊಡುತ್ತಿದ್ದಳು. ಬ್ಯಾಂಕ್ ಮ್ಯಾನೇಜರ ಹೆಂಡತಿ ಅದನ್ನು ಕೇಳಿಸಿಕೊಂಡು ಗಂಡನ ಜೊತೆ ಎರಡು ದಿನ ಮಾತು ಬಿಟ್ಟಳು. ಅತ್ತೆಯ ಕಥೆಗೆ ಎರಡನೇ ಭಾಗ ಸೇರಿಕೊಂಡಿತು. ಮಾಸ್ಟರ ಹೆಂಡತಿ ಮಾತ್ರ ಈ ಕಥೆ ಬಂದಾಗ ಹತ್ತಿರ ನಿಲ್ಲುತ್ತಿರಲಿಲ್ಲ. ಹೊಸ ಕನ್ನಡಕದಲ್ಲಿ ಗಂಡನನ್ನು ಆಗಾಗ ದಿಟ್ಟಿಸಿ ನೋಡುತ್ತಿದ್ದಳು, ಅಷ್ಟೆ. ಮಾಸ್ಟರಿಗೆ ಆ ನೋಟದ ಎದುರು ಕತ್ತರಿ ಸರಿಯಾಗಿ ಓಡುತ್ತಿರಲಿಲ್ಲ.

ತಿಂಗಳು ಕಳೆದು ಒಂದು ಮಧ್ಯಾಹ್ನ ಔಷಧಿಯವರು ಮತ್ತೊಂದು ಲಕೋಟೆ ಹಿಡಿದು ಬಂದರು. ಮಾಸ್ಟರು ಶಾಲಾ ಸಮವಸ್ತ್ರವೊಂದಕ್ಕೆ ಸೂಜಿ ಚುಚ್ಚುತ್ತಿದ್ದರು. ಹೆಂಡತಿ ಮೂಲೆಯ ಸ್ಟೂಲಿನ ಮೇಲೆ ಕಾಜಾ ಹೊಲಿಯುತ್ತಿದ್ದಳು.

"ಮಾಸ್ಟ್ರೇ, ನಿಮ್ಮ ಬೇಬಿಗೆ ಅದೃಷ್ಟ ಖುಲಾಯಿಸಿತು! ತೀವ್ರ ಅಪೌಷ್ಟಿಕತೆ ಅಂತ ತಿಂಗಳಿಗೆ ಸಾವಿರದ ಐನೂರು ಮಂಜೂರಾಗಿದೆ. ಪಟ್ಟಿಯಿಂದ ಅವಳ ಹೆಸರು ತೆಗೆದೇ ಇಲ್ಲ ಅವರು. ಎರಡು ವರ್ಷ ಸುಮ್ಮನಿದ್ದರೆ ಕಾಜಾ ಯಂತ್ರ ಮನೇಲಿ. ಒಪ್ಪಿಗೆ ಅಂತ ಬರೆದುಬಿಡಲಾ?"

ಹೆಂಡತಿ ತಲೆಯೆತ್ತಿದಳು. ಲಕೋಟೆ ಕಂಡರೆ ಈಗ ಮಾಸ್ಟರ ಕಿವಿ, ಬಾಯಲ್ಲಿ ಸೂಜಿಯಿದ್ದರೂ, ತಾನಾಗಿ ತೆರೆದುಕೊಳ್ಳುತ್ತಿತ್ತು. ಮಾಸ್ಟರು ಕೈ ಬಾಯಿಗೆ ತಂದು ಒಂದೊಂದೇ ಗುಂಡುಸೂಜಿ ತೆಗೆದು ಮೇಜಿನ ದಿಂಬಿಗೆ ಚುಚ್ಚತೊಡಗಿದರು. ಒಟ್ಟು ಹನ್ನೊಂದು. ಔಷಧಿಯವರು ಹದಿನೆಂಟು ವರ್ಷದಲ್ಲಿ ಇಂಥದ್ದನ್ನು ನೋಡಿರಲಿಲ್ಲ, ಹಾಗಾಗಿ ಕಾದರು. ಕೊನೆಯ ಸೂಜಿ ಚುಚ್ಚಿ ತುಟಿ ಒರೆಸಿಕೊಂಡು ಮಾಸ್ಟರು ಹೇಳಿದರು:

"ಬೇಡ. ಬೊಂಬೆ ಅಂತ ಬರೀರಿ."

ಔಷಧಿಯವರು ಹೋದ ಮೇಲೆ ಹೆಂಡತಿ ಸ್ಟೂಲಿನಿಂದ ಎದ್ದು ಬಂದಳು. ಸೂಜಿಯ ದಿಂಬನ್ನು ಮೇಜಿನ ಆ ತುದಿಗೆ, ಗಂಡನ ಕೈಗೆ ಎಟುಕದಷ್ಟು ದೂರ ಸರಿಸಿದಳು.

"ಈಗ ಹೇಳಿ. ಅವತ್ತು ನಮ್ಮಪ್ಪ ಕೇಳಿದ್ದು ನಿಜವಾಗಲೂ ಕೇಳಿಸಿತ್ತಾ?"

ಮಾಸ್ಟರು ದಿಂಬಿನ ಕಡೆ ಒಮ್ಮೆ ಆಸೆಯಿಂದ ನೋಡಿದರು. "ಇಲ್ಲ ಕಣೇ" ಎಂದರು.

"ಮತ್ತೆ ಆಫೀಸಲ್ಲಿ ಕೇಳಿಸಿತ್ತು ಅಂದ್ರಿ?"

"ನೀನು ಕೂತಿದ್ದೆಯಲ್ಲ."

"ಸುಳ್ಳು ಹೇಳೋಕೆ ಮೂವತ್ತೆಂಟು ಸಾವಿರ ಕೊಟ್ರಾ? ಜನ ದುಡ್ಡು ಉಳಿಸೋಕೆ ಸುಳ್ಳು ಹೇಳ್ತಾರೆ ರೀ!"

"ಪೂರ್ತಿ ಸುಳ್ಳಲ್ಲ" ಎಂದರು ಮಾಸ್ಟರು. ಇಷ್ಟು ಉದ್ದದ ಮಾತು ಅವರಿಗೆ ರೂಢಿಯಿರಲಿಲ್ಲ, ನಡುನಡುವೆ ನಿಂತು ಹೇಳಿದರು. "ಮೂರು ದಿನ ಆದ ಮೇಲೆ ಗೊತ್ತಾಯ್ತು, ಗಂಡು ನಾನೇ ಅಂತ. ಆಗ ಬಾಯಲ್ಲಿ ಒಂದೂ ಸೂಜಿ ಇರಲಿಲ್ಲ. ಬೇಡ ಅನ್ನಬಹುದಿತ್ತು."

"ಯಾಕೆ ಅನ್ನಲಿಲ್ಲ?"

"ಬಲಗೈ ತೋಳು ಉದ್ದ ಆಯ್ತು ಅಂದಿದ್ದೆಯಲ್ಲ ನೀನು. ನನ್ನ ಕೆಲಸಕ್ಕೆ ಹಾಗೆ ಯಾರೂ ಅಂದಿರಲಿಲ್ಲ, ಬಾಯಲ್ಲಿ ಸೂಜಿ ಇದ್ದೂ ಅದೊಂದು ಕೇಳಿಸಿಬಿಟ್ಟಿತ್ತು. ಆಮೇಲೆ ಟೇಪು ಹಿಡಿದು ನೋಡಿದೆ. ಉದ್ದವೇ ಇತ್ತು."

ಹೆಂಡತಿ ಕನ್ನಡಕ ತೆಗೆದು ಸೆರಗಿನಲ್ಲಿ ಒರೆಸಿದಳು. ಒರೆಸಿದ ಮೇಲೂ ಮತ್ತೆ ಒರೆಸಿದಳು. ಆಮೇಲೆ ಸ್ಟೂಲಿನ ಮೇಲಿದ್ದ ಕೋಟನ್ನು ತಂದು ಮಾಸ್ಟರ ಮಡಿಲಿಗೆ ಹಾಕಿ, ಬೆರಳಿನ ಅಂಗುಸ್ತಾನವನ್ನು ಕಳಚಿ ಅದರ ಮೇಲಿಟ್ಟಳು.

"ಇನ್ನು ನಾಲ್ಕು ಕಾಜಾ ಇದೆ. ಯಂತ್ರ ಬರೋವರೆಗೂ ದಿನಾ ಅರ್ಧ ನೀವೇ ಹೊಲೀಬೇಕು. ಹೊಲೀತೀರಾ?"

"ಹೊಲೀತೀನಿ" ಎಂದರು ಮಾಸ್ಟರು.